ಗೆರೆ ಕಂಡರೆ ಬಸ್ಸು ಗೊತ್ತು

ನಮ್ಮ ಚಿಕ್ಕಂದಿನ ಕೋಟೇಶ್ವರದಲ್ಲಿ ಬಸ್ಸಿನ ಬೋರ್ಡು ಓದುತ್ತಿದ್ದವರು ಪರವೂರಿನವರು ಮಾತ್ರ. ಊರವರಿಗೆ ಗೆರೆ ಸಾಕಿತ್ತು. ಹೆದ್ದಾರಿಗೂ ಮನೆಗೂ ನಡುವೆ ಒಂದು ಬೈಲು, ಬೈಲಿನಾಚೆ ತೆಂಗಿನ ಸಾಲು, ಆ ಸಾಲಿನ ಸಂದಿನಲ್ಲಿ ಅರೆಗಳಿಗೆ ಮಿಂಚಿ ಮರೆಯಾಗುವ ಕೆಂಪನ್ನೋ ಹಳದಿಯನ್ನೋ ಕಂಡದ್ದೇ ತಡ, ಅಂಗಳದಲ್ಲಿ ಹಲಸಿನ ಹಪ್ಪಳಕ್ಕೆ ಕಾಗೆ ಬಾರದಂತೆ ಕೋಲು ಹಿಡಿದು ಕೂತ ನಾವು ಮಕ್ಕಳು "ಹಾಲಾಡಿ ಬಸ್ ಹೋಯ್ತ್" ಎಂದು ಒಟ್ಟಾಗಿ ಕೂಗುತ್ತಿದ್ದೆವು. ಆ ಕೂಗಿಗೆ ಒಳಗೆ ದೊಡ್ಡಮ್ಮ ಒಲೆ ಮೇಲೆ ಗಂಜಿಯ ಚರಿಗೆ ಇಡುತ್ತಿದ್ದಳು, ಅಜ್ಜಿ ಹಟ್ಟಿಯಿಂದ ಗಂಟಿ ಬಿಡುತ್ತಿದ್ದಳು, ಆಚೆಮನೆ ಅಕ್ಕ ಗೆರ್ಸಿಯಲ್ಲಿದ್ದ ಬೀಡಿ ಕಟ್ಟು ಎತ್ತಿಕೊಂಡು ಬ್ರ್ಯಾಂಚಿಗೆ ಹೊರಡುತ್ತಿದ್ದಳು. ಗೋಡೆಯ ಗಡಿಯಾರಕ್ಕೆ ಕೀ ಕೊಡಲು ಮರೆತರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆ ಹಾಲಾಡಿ ಬಸ್ಸು ಕೆಟ್ಟು ನಿಂತ ದಿನ ಮಾತ್ರ ಇಡೀ ಬೈಲಿನ ಊಟ ತಡವಾಗುತ್ತಿತ್ತು.

ಆ ಗೆರೆಗಳಲ್ಲಿ ಎಷ್ಟೋ ನಮ್ಮ ಮನೆಯ ಕೈಯಿಂದಲೇ ಹೊರಟವು. ದೊಡ್ಡಪ್ಪಯ್ಯ ಪೈಂಟರು. ಹಾಲಾಡಿ ರಸ್ತೆಗೆ ತಿರುಗುವಲ್ಲಿ ಒಂದು ಮಾವಿನ ಮರ, ಮರದ ಪಕ್ಕ ಬಸ್ಸು ಹಿಂದಕ್ಕೆ ಹೊಕ್ಕರೆ ನೆತ್ತಿ ತಾಗದಷ್ಟು ಎತ್ತರಕ್ಕೆ ಎಬ್ಬಿಸಿದ ಮಡ್ಲಿನ ಮಾಡು, ಅದೇ ಶೆಡ್ಡು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸರಕಾರಿ ಬಸ್ಸು ಅಪರೂಪ, ಖಾಸಗಿಯವರದ್ದೇ ದರ್ಬಾರು. ಮಂಗಳೂರಲ್ಲಿ 1914ರಲ್ಲಿ ಹುಟ್ಟಿದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಜನರ ಬಾಯಲ್ಲಿ ಸಿ.ಪಿ.ಸಿ. ಆಗಿ, ಆಮೇಲೆ ಹನುಮಾನ್, ಶಂಕರ್ ವಿಠಲ್, ನಮ್ಮ ಕುಂದಾಪುರದ ಕಡೆ ದುರ್ಗಾಂಬಾ ಎಂದು ಹೆಸರುಗಳು ಬೆಳೆದು, ಒಂದೋ ಎರಡೋ ಬಸ್ಸಿಟ್ಟುಕೊಂಡ ಸಣ್ಣ ಧಣಿಗಳೂ ಅವರ ನಡುವೆ ನುಸುಳಿ, ಪ್ರತಿಯೊಬ್ಬರಿಗೂ ತಮ್ಮ ಬಸ್ಸು ದೂರದಿಂದಲೇ ತಮ್ಮದೆಂದು ಗೊತ್ತಾಗಬೇಕಿತ್ತು. ದೊಡ್ಡ ಕಂಪನಿಗಳಿಗೆ ಅವರದೇ ವರ್ಕ್‌ಶಾಪು, ಅವರದೇ ಪೈಂಟರು. ಸಣ್ಣ ಧಣಿಗಳು ನಮ್ಮ ಮಡ್ಲಿನ ಮಾಡಿಗೆ ಬರುತ್ತಿದ್ದರು.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಹಾಗಂತ ಅವಳ ತಿರುಗಾಟಕ್ಕೇನೂ ಕಡಿಮೆ ಇರಲಿಲ್ಲ. ಸಂಕಷ್ಟಿಗೆ ಕುಂಭಾಶಿಯ ಆನೆಗುಡ್ಡೆ, ಸಂಕ್ರಾಂತಿಗೆ ಮಾರಣಕಟ್ಟೆ ಜಾತ್ರೆ, ಬರುವಾಗ ಸೆರಗಿನಲ್ಲಿ ಹೆಮ್ಮಾಡಿ ಸೇವಂತಿಗೆ, ನಡುನಡುವೆ ಹಾಲಾಡಿಯಾಚೆಯ ತೌರು, ಎಲ್ಲವೂ ಒಂಟಿ ಸವಾರಿ. ಮೇಲೆ ಕೆಂಪು, ನಡುವೆ ಬಿಳಿ, ಕೆಳಗೆ ಮತ್ತೆ ಕೆಂಪು ಇದ್ದರೆ ತೌರಿನ ಬಸ್ಸು; ಹಸಿರಿನ ಮೂತಿಗೆ ಬಾಣ ಇದ್ದರೆ ಬೈಂದೂರಿನ ಕಡೆಯದ್ದು; ನೀಲಿ ಅಲೆ ಇದ್ದದ್ದು ಎಕ್ಸ್‌ಪ್ರೆಸ್, ಅದು ಕೈ ಅಡ್ಡ ಹಿಡಿದರೂ ನಿಲ್ಲದು. ಒಮ್ಮೆ ಕೆಂಪು-ಬಿಳಿ ಬಸ್ಸಿನ ಧಣಿಗೆ ಮನಸ್ಸು ತಿರುಗಿ ಇಡೀ ಬಸ್ಸಿಗೆ ಹಳದಿ-ಕಪ್ಪು ಹೊಡೆಸಿದ. ಅಜ್ಜಿ ತೌರಿಗೆಂದು ಹೊರಟು ಕಟ್ಟೆ ಮೇಲೆ ಕೂತು ತನ್ನ ಬಸ್ಸನ್ನೇ ಕಣ್ಣೆದುರು ಹೋಗಗೊಟ್ಟು, ಬಿಸಿಲು ನೆತ್ತಿಗೇರಿದ ಮೇಲೆ ಮನೆಗೆ ಬಂದವಳು ನೇರ ಶೆಡ್ಡಿಗೆ ನಡೆದಳು. "ನನ್ ಬಸ್ ಎಲ್ ಹಾಕ್ದೆ ಮರಾಯಾ? ದುಡ್ ಕೊಟ್ರೆ ನೀ ದೇವ್ರ ಗರ್ಭಗುಡಿಗೂ ಹಳದಿ ಹೊಡಿತೆ." ದೊಡ್ಡಪ್ಪಯ್ಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತ ನಕ್ಕರು. ಮಾರನೆಯ ದಿನ ಆ ಬಸ್ಸಿನ ಬಾಗಿಲ ಬದಿಯಲ್ಲಿ, ಧಣಿಗೂ ಹೇಳದೆ, ಅಂಗೈಯಗಲದ ಕೆಂಪು-ಬಿಳಿ-ಕೆಂಪು ತುಂಡೊಂದು ಮೂಡಿತ್ತು. ಅದು ಏಕೆ ಅಲ್ಲಿದೆಯೆಂದು ಬಸ್ಸಿನವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಶೆಡ್ಡಿನ ವಾಸನೆಗೆ ಒಂದು ಹೆಸರಿಲ್ಲ. ಟರ್ಪೆಂಟೈನು, ಥಿನ್ನರು, ಸೀಮೆಎಣ್ಣೆ, ಬೆಸುಗೆಯ ಸುಟ್ಟ ತಗಡು, ಒದ್ದೆ ಮಡ್ಲು, ಇದೆಲ್ಲದರ ಮೇಲೆ ಪಡುವಣದಿಂದ ಬೀಜಾಡಿಯ ಕಡಲಿನ ಉಪ್ಪು ಗಾಳಿ. ಆ ಗಾಳಿಯೇ ನಮ್ಮ ಅನ್ನದಾತ, ಅದೇ ವೈರಿ. ಉಪ್ಪು ಗಾಳಿಗೆ ತಗಡು ಬೇಗ ತುಕ್ಕು ಹಿಡಿಯುತ್ತಿತ್ತು. ಟಾಪಿನ ಮೇಲೆ ಮೀನಿನ ಹೆಡ್ಗಿ ಹೇರಿದ ಬಸ್ಸುಗಳಲ್ಲಂತೂ ಮೀನಿನ ನೀರು ಕಿಟಕಿ ಮೇಲಿನಿಂದ ಗೆರೆಯ ಮೇಲೆ ಇಳಿದಿಳಿದು ಬಣ್ಣದ ಕೆಳಗೆ ಗುಳ್ಳೆ ಎಬ್ಬಿಸುತ್ತಿತ್ತು. ದೊಡ್ಡಪ್ಪಯ್ಯ ಉಗುರಿನಿಂದ ಒಂದು ಗುಳ್ಳೆ ಒಡೆದು ಒಳಗಿನ ಕಂದು ಪುಡಿಯನ್ನು ಮೂಗಿನ ಹತ್ತಿರ ಹಿಡಿದು "ಬಂಗಡೆ" ಎನ್ನುತ್ತಿದ್ದರು. ನಮಗದು ಪರಮ ಪಾಂಡಿತ್ಯವೆನಿಸುತ್ತಿತ್ತು. ಈಗ ಯೋಚಿಸಿದರೆ, ನಮ್ಮನ್ನು ನಗಿಸಲು ಹೇಳುತ್ತಿದ್ದದ್ದಿರಬೇಕು.

ಬಸ್ಸು ಬಂದ ದಿನ ಸೀಟು ಕಳಚುವುದು, ಕಿಟಕಿಯ ಬೀಡಿಂಗ್ ಬಿಚ್ಚುವುದು, ಸೋಪು ಸೋಡಾ ಹಾಕಿ ತಿಕ್ಕುವುದು, ಟಿಂಕರು ಬಂದು ನೆಗ್ಗಿದ್ದನ್ನು ಬಡಿದು ಎಬ್ಬಿಸುವುದು, ರೆಡ್ ಆಕ್ಸೈಡು, ಪುಟ್ಟಿ, ಮತ್ತೆ ವಾಟರ್ ಪೇಪರು. ಈ ಉಜ್ಜುವ ಕೆಲಸಕ್ಕೆ ನಾವು ತಲೆಮರೆಸಿಕೊಳ್ಳುತ್ತಿದ್ದೆವು, ಯಾಕೆಂದರೆ ಅದಕ್ಕೆ ಕೊನೆಯೇ ಇರಲಿಲ್ಲ. ಉಜ್ಜಿದ್ದು ಸಾಕೋ ಎಂದು ಕಣ್ಣಿನಿಂದ ನೋಡುವಂತಿಲ್ಲ. ದೊಡ್ಡಪ್ಪಯ್ಯ ಕಣ್ಣು ಮುಚ್ಚಿ ಒದ್ದೆ ಅಂಗೈಯನ್ನು ತಗಡಿನ ಮೇಲೆ ಆ ತುದಿಯಿಂದ ಈ ತುದಿಗೆ ಎಳೆದುಕೊಂಡು ಹೋಗಿ, ಎಲ್ಲೋ ಒಂದು ಕಡೆ ನಿಂತು, "ಇಲ್ ಸ್ವಲ್ಪ ಇತ್ತ್ ಕಾಣ್" ಎಂದರೆ ಮತ್ತೆ ಅರ್ಧ ಗಂಟೆ.

ಗೆರೆ ಹಾಕುವ ದಿನ ಬಂತೆಂದರೆ ಮಾತ್ರ ನಾವು ಬೆಳಿಗ್ಗೆ ಎದ್ದವರೇ ಹಾಜರು. ಅದಕ್ಕೂ ಮೊದಲು, ಹಿಂದಿನ ರಾತ್ರಿ ಜಗಲಿಯಲ್ಲಿ ಖಾಕಿ ಕಾಗದದ ಸುರುಳಿ ಬಿಚ್ಚಿ, ನಾಲ್ಕು ಮೂಲೆಗೆ ಅಡಿಕೆ ಕತ್ತರಿ, ಸೇರು, ಕವಡೆ ಪೆಟ್ಟಿಗೆ, ತೀರ್ಥದ ಗಿಂಡಿ ಹೇರಿಟ್ಟು, ಚಿಮಣಿ ದೀಪದ ಬೆಳಕಲ್ಲಿ ಚಿತ್ರ ಮೂಡುತ್ತಿತ್ತು. ಉದ್ದ ಗೆರೆಗೆ ಕಾಗದ ಬೇಡ. ಅದರ ಮೂತಿ, ಬಾಲ, ನಡುವಿನ ತಿರುವು, ಬಾಣ, ಅಲೆ, ಮಿಂಚು, ಇವಕ್ಕೆ ಮಾತ್ರ ನಿಜದಳತೆಯ ಅಚ್ಚು. ತಿರುವಿಗೆ ಅಳತೆಯೆಂದರೆ ಅಡುಗೆಮನೆ. ಸಣ್ಣ ತಿರುವಿಗೆ ಲೋಟದ ಬಾಯಿ, ಅದಕ್ಕಿಂತ ದೊಡ್ಡದಕ್ಕೆ ಬಟ್ಟಲು, ಮುಂದಿನ ಚಕ್ರದ ಮೇಲಿನ ದೊಡ್ಡ ಬಾಗಿಗೆ ಕೊಪ್ಪರಿಗೆಯ ಮುಚ್ಚಳ. ದೊಡ್ಡಮ್ಮ ಮುಚ್ಚಳ ಹುಡುಕಿ ಹುಡುಕಿ ಬೇಸತ್ತು "ನಿಮ್ ಬಸ್ಸಿಗೆ ಅನ್ನವೂ ಬಡಿಸ್ಕಣಿ" ಎನ್ನುತ್ತಿದ್ದಳು.

ಆ ಚಿತ್ರಗಳು ಎಲ್ಲಿಂದ ಬರುತ್ತಿದ್ದವೆಂದು ನಮಗೆ ಗೊತ್ತಿತ್ತು. ದೊಡ್ಡಪ್ಪಯ್ಯನಿಗೆ ಯಕ್ಷಗಾನ ಆಟದ ಹುಚ್ಚು. ಮಂದಾರ್ತಿ ಮೇಳ, ಮಾರಣಕಟ್ಟೆ ಮೇಳ, ಡೇರೆ ಹೊತ್ತು ಬರುವ ಸಾಲಿಗ್ರಾಮ ಮೇಳ, ಯಾವುದು ಎಲ್ಲಿ ಬಿಡಾರ ಹೂಡಿದರೂ ಇವರು ಚೌಕಿಯಲ್ಲಿ. ಬಣ್ಣ ಹಚ್ಚಿಕೊಳ್ಳುವವರ ಎದುರು ಕೂತುಕೊಂಡು, ಕರ್ಣನ ವೇಷಧಾರಿ ಮುಂಡಾಸು ಕಟ್ಟುವಾಗ ಕಪ್ಪಿನ ಮೇಲೆ ಜರಿಯ ಪಟ್ಟೆ ಓರೆಯಾಗಿ ಎಲ್ಲಿ ಶುರುವಾಗಿ ಎಲ್ಲಿ ಸೇರುತ್ತದೆಂದು ನೋಡುತ್ತ ಬೆಳಗು ಮಾಡಿ, ಮನೆಗೆ ಬಂದು ಮಲಗದೆ ಕಾಗದ ಬಿಚ್ಚಿದರೆ, ಆ ವಾರ ಯಾವುದೋ ಬಸ್ಸಿನ ಮೂತಿಯ ಮೇಲೆ ಕಪ್ಪು-ಕೆಂಪು-ಚಿನ್ನದ ಓರೆ ಗೆರೆಗಳು ನೆತ್ತಿಯ ಕಡೆಗೆ ಕೂಡಿಕೊಂಡು ಹೋಗುತ್ತಿದ್ದವು. ಕಸೆಯ ಚೌಕುಳಿಯನ್ನು ಬಸ್ಸಿನ ಹಿಂಬದಿಗೆ ಇಳಿಸಬೇಕೆಂಬ ಆಸೆಯೂ ಇತ್ತು. ಯಾವ ಧಣಿಯೂ ಒಪ್ಪಲಿಲ್ಲ.

ಅಚ್ಚಿನ ಕಾಗದಕ್ಕೆ ತೂತು ಹೊಡೆಯುವುದು ಮಕ್ಕಳ ಹಕ್ಕು. ಕಂಬಳಿ ನಾಲ್ಕು ಮಡಿ ಮಾಡಿ ಕಾಗದ ಹಾಸಿ, ಬಿದಿರಿನ ತುಂಡಿಗೆ ಸಿಕ್ಕಿಸಿದ ಸೂಜಿಯಿಂದ ಪೆನ್ಸಿಲ್ ಗೆರೆಯ ಮೇಲೆ ಒತ್ತೊತ್ತಾಗಿ ಚುಚ್ಚಿಕೊಂಡು ಹೋಗಬೇಕು. ತೂತು ದೂರವಾದರೆ ಚುಕ್ಕಿಗಳ ನಡುವೆ ದಾರಿ ತಪ್ಪುತ್ತದೆ. ತೀರಾ ಹತ್ತಿರವಾದರೆ ಕಾಗದ ಗೆರೆಗುಂಟ ಹರಿದು ಕೈಗೆ ಬರುತ್ತದೆ. ಈ ಕೆಲಸದಲ್ಲಿ ಹೆಣ್‌ಮಕ್ಕಳದ್ದೇ ಮೇಲುಗೈ. ನಿತ್ಯ ಹೊಸ್ತಿಲಿಗೆ ರಂಗೋಲಿ ಇಡುವ ಕೈಗೆ ಚುಕ್ಕಿಯ ಅಂತರ ಹೇಳಿಕೊಡಬೇಕಾಗಿರಲಿಲ್ಲ. ಗಂಡುಮಕ್ಕಳಿಗೆ ಉಳಿದದ್ದು ಕಾಗದ ಮಗುಚಿ ಹಿಂಬದಿಯಲ್ಲಿ ಎದ್ದ ಸಣ್ಣ ಮುಳ್ಳುಗಳನ್ನು ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿ ತೂತಿನ ಬಾಯಿ ಬಿಡಿಸುವುದು, ಮತ್ತು ಪುಡಿಗಂಟು ಕಟ್ಟುವುದು. ಹಳೇ ಪಂಚೆಯ ತುಂಡಿನಲ್ಲಿ, ಕಪ್ಪು ಮೈಯ ಬಸ್ಸಾದರೆ ಸೀಮೆಸುಣ್ಣದ ಪುಡಿ, ಬಿಳಿ ಮೈಯದ್ದಾದರೆ ಒಲೆಯ ಇದ್ದಿಲನ್ನು ಕುಟ್ಟಿ ಜರಡಿ ಹಿಡಿದ ಪುಡಿ ಅಥವಾ ಅಂಗಿಗೆ ಹಾಕುವ ನೀಲಿ.

ಶೆಡ್ಡಿನಲ್ಲಿ ಮೊದಲು ನೂಲು. ಬಸ್ಸೆಂದರೆ ಮೂವತ್ತು ಅಡಿ; ಅಷ್ಟುದ್ದಕ್ಕೂ ಕೈಯಲ್ಲಿ ನೇರ ಗೆರೆ ಎಳೆಯುವ ಮನುಷ್ಯ ಹುಟ್ಟಿಲ್ಲ. ಪುಡಿ ಮೆತ್ತಿದ ನೂಲಿನ ಒಂದು ತುದಿ ಹೆಡ್‌ಲೈಟಿನ ಬದಿಗೆ ಒಬ್ಬ, ಇನ್ನೊಂದು ತುದಿ ಹಿಂದಿನ ಏಣಿಯ ಹತ್ತಿರ ಒಬ್ಬ, ನಡುವೆ ಬೆರಳೂರಿ ನಿಲ್ಲಲು ಮತ್ತೊಬ್ಬ, ಏಕೆಂದರೆ ಅಷ್ಟುದ್ದದ ನೂಲು ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತದೆ. "ಬಿಗಿ ಹಿಡ್ಕೋ, ಸಡ್ಲ ಬಿಟ್ರೆ ಲೈನ್ ಹಾವಾತ್." ದೊಡ್ಡಪ್ಪಯ್ಯ ನೂಲನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರೆ 'ಟಪ್' ಎಂದು ತಗಡು ನುಡಿದು, ಸಣ್ಣ ಪುಡಿಮೋಡ ಎದ್ದು, ಅದು ಕರಗಿದಾಗ ಗೆರೆ ಬಿದ್ದಿರುತ್ತಿತ್ತು. ಎತ್ತರವನ್ನು ನೆಲದಿಂದ ಅಳೆಯುವವರು ಹೊಸಬರು. ಹಳೇ ಬಾಡಿ ಎಲ್ಲೋ ಒಂದು ಕಡೆ ಕುಸಿದಿರುತ್ತದೆ, ಸ್ಪ್ರಿಂಗು ಒಂದು ಬದಿಗೆ ಸೋತಿರುತ್ತದೆ. ಅದರ ಮೇಲೆ ಭೂಮಿಗೆ ಸಮನಾಗಿ ಗೆರೆ ಎಳೆದರೆ ಬಸ್ಸೇ ವಾರೆಯಾಗಿ ಕಾಣುತ್ತದೆ. ಆದ್ದರಿಂದ ಅಳತೆ ಯಾವತ್ತೂ ಕಿಟಕಿಸಾಲಿನಿಂದ ಕೆಳಕ್ಕೆ. ಮುದಿ ಬಸ್ಸಿನ ಗೂನನ್ನು ಅಡಗಿಸುವುದು ಕೂಡ ಆ ಗೆರೆಯ ಕೆಲಸವೇ ಆಗಿತ್ತು. ಅರವತ್ತು ಜನರನ್ನು ಹೊತ್ತು ಹಾಲಾಡಿಯ ಏರು ಹತ್ತುವ ಡಕೋಟ ಕೂಡ ನಮ್ಮ ಶೆಡ್ಡಿನಿಂದ ಸೊಂಟ ನೆಟ್ಟಗೆ ಮಾಡಿಕೊಂಡೇ ಹೊರಡುತ್ತಿತ್ತು.

ಆಮೇಲೆ ಅಚ್ಚು. ಕಾಗದವನ್ನು ಜಾಗಕ್ಕೆ ಹಿಡಿದು, ಪುಡಿಗಂಟಿನಿಂದ ತೂತುಗಳ ಮೇಲೆ ತಟ್ಟುತ್ತ ಹೋದರೆ, ನಮ್ಮ ಎಲ್ಲರ ಮೂಗಿನೊಳಗೂ ನೀಲಿ. ಉಸಿರು ಬಿಗಿಹಿಡಿದು, ಕಾಗದ ಜಾರದಂತೆ ಎರಡು ಕೈಯಲ್ಲಿ ಮೇಲಕ್ಕೆತ್ತಬೇಕು. ಎತ್ತಿದರೆ ತಗಡಿನ ಮೇಲೆ ಚುಕ್ಕಿಚುಕ್ಕಿಯ ಮಿಂಚೋ ಅಲೆಯೋ ನಿನ್ನೆ ರಾತ್ರಿ ಜಗಲಿಯಲ್ಲಿ ಇದ್ದದ್ದು ಇದ್ದ ಹಾಗೆ. ಎಡಮೈಗೆ ಒತ್ತಿದ ಕಾಗದವನ್ನೇ ಮಗುಚಿ ಬಲಮೈಗೆ ಒತ್ತುವುದು ಕ್ರಮ. ಮಗುಚದಿದ್ದರೆ ಒಂದು ಬದಿಯ ಬಾಣ ಮುಂದಕ್ಕೆ, ಇನ್ನೊಂದು ಬದಿಯದ್ದು ಹಿಂದಕ್ಕೆ ಓಡುತ್ತದೆ. ಎಡಮೈಯಲ್ಲಿ ಬಾಗಿಲುಗಳು ಬೇರೆ. ಬಾಗಿಲ ಹಲಗೆ ಮುಚ್ಚಿದಾಗ ಗೆರೆ ಗೆರೆಗೆ ಕೂಡಬೇಕು, ಕೂದಲೆಳೆಯಷ್ಟು ತಪ್ಪಿದರೂ ದೊಡ್ಡಪ್ಪಯ್ಯ ಒರೆಸಿ ಮತ್ತೆ ನೂಲು ಕೇಳುತ್ತಿದ್ದರು. ಓಡುವ ಬಸ್ಸಿನ ಬಾಗಿಲು ನಮ್ಮೂರಲ್ಲಿ ಯಾವ ಕಾಲಕ್ಕೂ ಮುಚ್ಚಿದ್ದಿಲ್ಲ, ಕ್ಲೀನರು ಅಲ್ಲೇ ನೇತಾಡಿಕೊಂಡಿರುತ್ತಾನೆ ಎಂದು ಯಾರಾದರೂ ನೆನಪಿಸಿದರೆ, "ರಾತ್ರಿ ನಿಲ್ಸತ್ತಲೆ, ಆಗ ಕಾಣ್ಕಲೆ" ಎನ್ನುತ್ತಿದ್ದರು.

ಗೆರೆಯ ಅಂಚಿಗೆ ಟೇಪು, ಟೇಪಿನ ಆಚೆಗೆ ಪೇಪರು. ಮನೆಗೆ ಬರುತ್ತಿದ್ದದ್ದು ಉದಯವಾಣಿ. ವಾರಗಟ್ಟಲೆ ಕೂಡಿಟ್ಟ ಆ ಪೇಪರುಗಳನ್ನು ಮೈದಾ ಅಂಟಿನಲ್ಲಿ ಬಸ್ಸಿನ ಮೈತುಂಬ ಅಂಟಿಸುತ್ತ ನಾವು ಓದುತ್ತಿದ್ದೆವು. ಯಾವ ಮೇಳದ ಆಟ ಎಲ್ಲಿ, ಯಾರ ಕೋಣ ಯಾವ ಕಂಬಳದಲ್ಲಿ ಗೆದ್ದಿತು, ಕುಂದಾಪುರದ ಟಾಕೀಸಿನಲ್ಲಿ ಯಾವ ಪಿಕ್ಚರು. ಕಥೆ ಅರ್ಧಕ್ಕೆ ಬಂದಾಗ ಅದರ ಉಳಿದರ್ಧ ಬಸ್ಸಿನ ಆಚೆ ಬದಿಗೆ ಅಂಟಿರುತ್ತಿತ್ತು. ಬಣ್ಣ ಹೊಡೆಯುವ ಮೊದಲು ಧೂಳು ಏಳದಂತೆ ನೆಲಕ್ಕೆ ಬಾವಿಯ ನೀರು ಚಿಮುಕಿಸಬೇಕು. ಕೊಡಪಾನ ಹೊರುವವರು, ಕೈಯಲ್ಲಿ ಎರಚುವವರು, ಬರಿಗಾಲಲ್ಲಿ ಆ ಹಸಿ ಮಣ್ಣು ಮೆಟ್ಟುವ ಸುಖಕ್ಕೆ ಬಂದವರು. ಮೊದಮೊದಲು ಎಲ್ಲವೂ ಬ್ರಷ್ಷು, ಡಬ್ಬದ ಎನಾಮಲ್ಲು. ಆಮೇಲೆ ಒಂದು ಕಂಪ್ರೆಸರು ಬಂತು. ಅದು ಗುಡುಗುಟ್ಟಲು ಶುರುವಾದರೆ ಮಾವಿನ ಮರದ ಕಾಗೆಗಳು ಗುಡಿಯ ಕೆರೆಯವರೆಗೂ ಹಾರಿ ಹೋಗುತ್ತಿದ್ದವು.

ಮೇ ತಿಂಗಳು ಉಸಿರು ಬಿಡಲು ಸಮಯವಿರಲಿಲ್ಲ. ಶಾಲೆ ತೆರೆಯುವ ಮೊದಲು, ಮಳೆ ಹಿಡಿಯುವ ಮೊದಲು, ಎಫ್.ಸಿ. ಮಾಡಿಸುವ ಬಸ್ಸುಗಳದ್ದು ಒಂದು ಸಾಲು; ಪತ್ತನಾಜೆಯ ಹೊತ್ತಿಗೆ ತಿರುಗಾಟ ಮುಗಿಸಿದ ಮೇಳದ ಲಾರಿ, ವ್ಯಾನುಗಳದ್ದು ಇನ್ನೊಂದು. ಮಳೆಗಾಲಕ್ಕೆ ಕೆಲಸ ನುಗ್ಗಿದರೆ ಕಷ್ಟ. ತೇವದ ಗಾಳಿಯಲ್ಲಿ ಡ್ಯೂಕೋ ಹೊಡೆದರೆ ಥಿನ್ನರು ಆರುವಾಗ ಹನಿಯನ್ನು ಎಳೆದುಕೊಂಡು ಕೆಂಪಿನ ಮೇಲೆ ಹಾಲು ಚೆಲ್ಲಿದ ಬಿಳಿಚು ಕಟ್ಟುತ್ತದೆ. ಆಗ ದೊಡ್ಡಪ್ಪಯ್ಯ ಶೆಡ್ಡಿನ ನಾಲ್ಕು ಮೂಲೆಗೆ ಕೆಂಡದ ಬಾಣಲೆ ಇಡಿಸಿ ಮೊದಲು ಗಾಳಿ ಒಣಗಿಸಿ, ಕೆಂಡ ಆಚೆ ಹಾಕಿಸಿದ ಮೇಲಷ್ಟೇ ಗನ್ನು ಹಿಡಿಯುತ್ತಿದ್ದರು. ಥಿನ್ನರಿನ ಹತ್ತಿರ ಬೆಂಕಿ ತಂದವನಿಗೆ ಬೆನ್ನ ಮೇಲೆ ಬೀಳುತ್ತಿತ್ತು. ಮೊದಲ ಮಳೆಯ ಸಂಜೆ ದೀಪಕ್ಕೆ ಬರುವ ಈಚಲು ಹುಳಗಳು ನೇರ ಹಸಿ ಬಣ್ಣಕ್ಕೆ ಬೀಳುತ್ತಿದ್ದವು. ಅವುಗಳನ್ನು ರೆಕ್ಕೆ ಉಳಿಯದಂತೆ ಸೂಜಿಯಿಂದ ಎತ್ತಲು ಕಣ್ಣು ಚುರುಕಿನ ಚಿಕ್ಕವರೇ ಬೇಕು. ಒಂದು ಹುಳಕ್ಕೆ ಒಂದು ಕಡ್ಲೆ ಮಿಠಾಯಿ ಎಂದು ಮೊದಲು ಒಪ್ಪಂದವಾಗಿ, ಆಮೇಲೆ ಲೆಕ್ಕದಲ್ಲಿ ಮೋಸ ಆಗಿ, ಜಗಳ ಮನೆಯವರೆಗೂ ಬರುತ್ತಿತ್ತು.

ಅಂಚಿನ ಸಣ್ಣ ಗೆರೆ ಮಾತ್ರ ದೊಡ್ಡಪ್ಪಯ್ಯ ಯಾರಿಗೂ ಕೊಟ್ಟವರಲ್ಲ. ದಪ್ಪ ಕೆಂಪಿನ ಬದಿಗೆ ಒಂದು ಬೆರಳು ಬಿಟ್ಟು ನೂಲಿನಷ್ಟು ಸಣ್ಣ ಚಿನ್ನದ ಗೆರೆ ಬಂದರೇ ಬಸ್ಸಿಗೆ ಕಳೆ. ಉದ್ದ ಕೂದಲಿನ ಸಪೂರ ಬ್ರಷ್ಷು. ಕಿರುಬೆರಳು ತಗಡಿಗೆ ಊರಿ, ಉಸಿರು ಹಿಡಿದು, ಕೈ ಆಡಿಸದೆ ಇಡೀ ಮೈಯನ್ನೇ ಬಸ್ಸಿನ ಗುಂಟ ಸಾಗಿಸುತ್ತ, ಹಿಂದಕ್ಕೆ ಹಿಂದಕ್ಕೆ ಅಡ್ಡಡ್ಡ ಹೆಜ್ಜೆ ಹಾಕುತ್ತ ನಡೆಯುವ ಅವರ ಆ ನಡಿಗೆಯನ್ನು ನಾವು ಅವರ ಹಿಂದೆ ಸಾಲಾಗಿ ಅಣಕಿಸುತ್ತಿದ್ದೆವು. ಅವರಿಗೆ ಗೊತ್ತಾಗುತ್ತಿತ್ತು, ತಿರುಗುವಂತಿರಲಿಲ್ಲ. ಆ ಹೊತ್ತಿನಲ್ಲಿ ಅವರೊಡನೆ ಮಾತಾಡುವುದು ನಿಷಿದ್ಧ; ಬಸ್ಸಿನ ಧಣಿಯೇ ಬಂದರೂ ಮರದಡಿ ಕಾಯಬೇಕು. ಗೆರೆ ಮುಗಿಸಿ ಬ್ರಷ್ಷು ಎತ್ತಿ ಒಂದು ದೀರ್ಘ ಉಸಿರು ಬಿಟ್ಟು "ಹ್ವಾಯ್, ಈಗ ಬಂದ್ರ್ಯಾ?" ಎಂದಾಗ, ಅರ್ಧ ಗಂಟೆಯಿಂದ ನಿಂತ ಧಣಿ "ಹೌದ್, ಈಗ" ಎನ್ನುತ್ತಿದ್ದ.

ಟೇಪು ಎಳೆಯುವುದಕ್ಕೆ ಹದ ಬೇಕು. ತೀರಾ ಹಸಿಯಿದ್ದರೆ ಬಣ್ಣ ಒಸರುತ್ತದೆ, ಪೂರ್ತಿ ಒಣಗಿದರೆ ಅಂಚು ಹಲ್ಲುಹಲ್ಲಾಗಿ ಕಿತ್ತು ಬರುತ್ತದೆ. ಬೆರಳ ಹಿಂಬದಿಯಿಂದ ಮುಟ್ಟಿ ಹದ ನೋಡಿ ದೊಡ್ಡಪ್ಪಯ್ಯ ತಲೆಯಾಡಿಸಿದರೆ, ಮನೆಯಲ್ಲಿ ಅತಿ ಚಿಕ್ಕವರು ಯಾರೋ ಅವರಿಗೆ ಮೊದಲ ಟೇಪು. ಸರ್ರೆಂದು ಅದು ಬಂದ ಹಾಗೆ ಉದಯವಾಣಿಯೂ ಜೊತೆಗೆ ಕಳಚಿ, ಒಳಗಿನಿಂದ ಹೊಳೆಯುವ ಗೆರೆ ಒಂದೊಂದೇ ಗೇಣಾಗಿ ಹೊರಗೆ ಬರುತ್ತಿತ್ತು. ಆ ಸಂಜೆ ನಮ್ಮ ತಲೆಕೂದಲಿನ ಬಣ್ಣ ಬಿಡಿಸಲು ದೊಡ್ಡಮ್ಮ ತೆಂಗಿನೆಣ್ಣೆ, ಅಂಗೈಗೆ ಸೀಮೆಎಣ್ಣೆ, ಬಚ್ಚಲಲ್ಲಿ ಸಾಲು ನಿಲ್ಲಿಸಿ ಸೀಗೆಪುಡಿ. ಮಾರನೆ ಬೆಳಿಗ್ಗೆ ಬಸ್ಸಿಗೆ ಅರಶಿನ ಕುಂಕುಮ, ಚಕ್ರದಡಿಗೆ ಲಿಂಬೆಹಣ್ಣು, ಮೊದಲ ಸುತ್ತು ಕೋಟಿಲಿಂಗೇಶ್ವರನ ರಥಬೀದಿಗೆ. ಆ ಸುತ್ತಿಗೆ ಟಿಕೇಟಿಲ್ಲ. ಸೀಟಿನ ಹೊಸ ರೆಕ್ಸಿನ್ನಿನ ವಾಸನೆಯಲ್ಲಿ ಕಿಟಕಿಗೆ ಗಲ್ಲ ಊರಿ ಕೂತ ನಮಗೆ ಒಂದೇ ಬೇಸರ: ಒಳಗೆ ಕೂತವರಿಗೆ ಗೆರೆ ಕಾಣುವುದಿಲ್ಲ.

ದೀಪಾವಳಿಯಲ್ಲಿ ಶೇಡಿ ಮಣ್ಣು ಕಲಸಿ, ಲೋಟದ ಬಾಯಿ ಅದರಲ್ಲಿ ಅದ್ದಿ ಗಂಟಿಗಳ ಮೈಮೇಲೆ ಬಳೆಬಳೆಯಾಗಿ ಒತ್ತುವಾಗ, ನೊಗ ನೇಗಿಲಿಗೆ, ತುಳಸಿಕಟ್ಟೆಗೆ, ಒನಕೆಗೆ ಬಿಳಿ-ಕೆಂಪು ಪಟ್ಟೆ ಬಳಿಯುವಾಗ ಅಜ್ಜಿ ಹೇಳುತ್ತಿದ್ದಳು, "ಇದನ್ನೇ ಅಲ್ದಾ ನಿನ್ ದೊಡ್ಡಪ್ಪಯ್ಯ ದುಡ್ ತಕಂಡ್ ಬಸ್ಸಿಗೆ ಮಾಡುದ್." ಗದ್ದೆಗೆ ದೀಪ ಇಟ್ಟು ಬಲೀಂದ್ರನಿಗೆ ಕೂ ಹಾಕಿ ಬರುವಾಗ, ಹೆದ್ದಾರಿಯ ಕೊನೆಯ ಬಸ್ಸು ಹೋಗುತ್ತಿತ್ತು, ಕತ್ತಲಲ್ಲಿ ಗೆರೆ ಕಾಣದು, ಆದರೂ ಯಾವುದೆಂದು ಊಹಿಸಿ ಪಂದ್ಯ ಕಟ್ಟುತ್ತಿದ್ದೆವು.

ವೃಶ್ಚಿಕ ಮಾಸದ ಹುಣ್ಣಿಮೆಗೆ ಕೊಡಿಹಬ್ಬ. ಬೆಳಗಿನ ಜಾವ ಕೋಟಿತೀರ್ಥದ ಸುತ್ತ ಸುತ್ತಕ್ಕಿ ಚೆಲ್ಲುವವರ ಸಾಲು, ಕಬ್ಬಿನ ಕೊಡಿ ಹಿಡಿದು ಮನೆಗೆ ಹೊರಟ ಹೊಸ ಮದುಮಕ್ಕಳು, ತೇರಿನ ಕೆಂಪು ಬಿಳಿ ಪತಾಕೆಗಳು, ಗರುಡ ಬಂತೋ ಎಂದು ಆಕಾಶಕ್ಕೆ ಮುಖ ಮಾಡಿದ ಸಾವಿರಾರು ಮಂದಿ. ನಾವು ಮಾತ್ರ ಹೆದ್ದಾರಿಯ ಕಡೆ. ಕುಂದಾಪುರ, ಬೈಂದೂರು, ಸಿದ್ದಾಪುರ, ಬ್ರಹ್ಮಾವರ, ಹೆಬ್ರಿಯ ಕಡೆಗಳಿಂದ ಬಂದ ಬಸ್ಸುಗಳೆಲ್ಲ ಒಂದರ ಹಿಂದೆ ಒಂದು ನಿಂತಿರುವ ಆ ಒಂದು ದಿನ, ಯಾವುದು ದೊಡ್ಡಪ್ಪಯ್ಯನ ಗೆರೆ, ಯಾವುದು ಪರರದ್ದು ಎಂದು ಸಾಲಿನುದ್ದಕ್ಕೂ ಬೆರಳು ತೋರಿಸಿಕೊಂಡು ನಡೆಯುವುದಕ್ಕೆ ತೊಟ್ಟಿಲು, ಬತ್ತಾಸು, ಚರ್ಮುರಿ ಯಾವುದೂ ಸಮನಿರಲಿಲ್ಲ. ಕೋಟೇಶ್ವರ ಗಾಲಿಯ ಊರು. ತೇರು ಕಟ್ಟುವ ಶಿಲ್ಪಿಗಳೂ ಇಲ್ಲಿಯವರೇ. 2019ರಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಹೊಸ ಬ್ರಹ್ಮರಥ ಸಿದ್ಧವಾಗಿ ಮೆರವಣಿಗೆಯಲ್ಲಿ ಹೊರಟದ್ದು ಇಲ್ಲಿಂದಲೇ. ಅಷ್ಟು ಸಣ್ಣ ಕೆತ್ತನೆಯ ತೇಗದ ಮರಕ್ಕೆ ಬಣ್ಣ ಬಳಿಯದೆ ಬಿಟ್ಟದ್ದನ್ನು ಕಂಡಿದ್ದರೆ ದೊಡ್ಡಪ್ಪಯ್ಯ ಒಪ್ಪುತ್ತಿದ್ದರು. "ಮರಕ್ಕೆ ಮರದ್ದೇ ಗೆರಿ ಇರ್ತ್" ಎನ್ನುವುದು ಅವರ ಮಾತು. ತಗಡಿಗಷ್ಟೇ ಅವರ ಕನಿಕರ.

ಬದಲಾವಣೆಗಳಲ್ಲಿ ಮೊದಲು ಬಂದದ್ದು ನಂಬರಿನ ಕೆ.ಎ. 20. ಆಮೇಲೆ 1997ರಲ್ಲಿ ಉಡುಪಿ ಜಿಲ್ಲೆಯಾಯಿತು. ಬಸ್ಸಿನ ಹಿಂದೆ ಮುಂದೆ ದ.ಕ. ಅಳಿಸಿ ಬರೆಯುವ ಕೆಲಸ ಒಂದಷ್ಟು ದಿನ ಸಿಕ್ಕಿತು. ಅದೇ ಹೊತ್ತಿಗೆ ರೇಡಿಯಂ ಅಂಗಡಿಗಳು. ಮೊದಲು ಹೆಸರಿಗೆ, ದೇವರ ಚಿತ್ರಕ್ಕೆ, ಆಮೇಲೆ ಗೆರೆಗೂ ಅದೇ. ಕಂಪ್ಯೂಟರಿನಲ್ಲಿ ಕತ್ತರಿಸಿದ ಉದ್ದ ಸುರುಳಿ, ತಗಡಿಗೆ ಸೋಪಿನ ನೀರು ಚಿಮುಕಿಸಿ, ಜಾರಿಸಿ ಜಾಗಕ್ಕೆ ಕೂರಿಸಿ, ರಬ್ಬರಿನ ಪಟ್ಟಿಯಿಂದ ಗುಳ್ಳೆ ಒತ್ತಿ ತೆಗೆದು, ಮೇಲಿನ ಕಾಗದ ಎಳೆದರೆ ಮುಗಿಯಿತು. ಬೆಳಿಗ್ಗೆ ನಿಲ್ಲಿಸಿದ ಬಸ್ಸು ಮಧ್ಯಾಹ್ನದ ಟ್ರಿಪ್ಪಿಗೆ ತಯಾರು. ದೊಡ್ಡಪ್ಪಯ್ಯ ಅದನ್ನು ಬೈದವರಲ್ಲ. ಕುಂದಾಪುರದ ಅಂಗಡಿಯೊಂದಕ್ಕೆ ಹೋಗಿ ಮೆಷಿನ್ನಿನ ಮುಂದೆ ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿ ಬಂದರು. ರಾತ್ರಿ ಊಟಕ್ಕೆ ಕೂತಾಗ, "ಕೈ ನಡ್ಗುದಿಲ್ಲ ಅದ್ರದ್ದ್" ಎಂದರು. ಆ ವರ್ಷ ಅವರ ಕೈಗೆ ನಡುಕ ಶುರುವಾಗಿತ್ತೆಂದು ನಮಗೆ ಆಗ ತಿಳಿದಿರಲಿಲ್ಲ. ಕರೂರಿನಿಂದ, ಬೆಂಗಳೂರಿನಿಂದ ಹೊಸ ಬಾಡಿಗಳು ಅಲ್ಲಿಂದಲೇ ಗೆರೆ ಹಾಕಿಸಿಕೊಂಡು ಬರತೊಡಗಿದವು. ಹದಿನೇಳನೇ ನಂಬರಿನ ಹೆದ್ದಾರಿ ಅರವತ್ತಾರಾಯಿತು, ನಾಲ್ಕು ಪಥವಾಯಿತು. ಅಗಲವಾಗುವ ರಸ್ತೆಗೆ ಮೊದಲು ಮಾವಿನ ಮರ, ಆಮೇಲೆ ಕಟ್ಟೆ. ಶೆಡ್ಡಿನ ಮಡ್ಲನ್ನು ನಾವೇ ಬಿಚ್ಚಿ ತಂದು ಗಂಟಿಯಿಲ್ಲದ ಹಟ್ಟಿಗೆ ಹೊದಿಸಿದೆವು.

ಅಚ್ಚಿನ ಕಾಗದಗಳ ಸುರುಳಿ ಅಟ್ಟದ ಮೇಲೆ ಬಹಳ ಕಾಲ ಇತ್ತು. ಒರಲೆ ಹಿಡಿದ ಮೇಲೆ, ಸೂಜಿ ಚುಚ್ಚಿದ್ದು ಯಾವುದು, ಹುಳ ಕೊರೆದದ್ದು ಯಾವುದು ಎಂದು ತಿಳಿಯದೆ ಹೋಯಿತು.

ಈಗ ನಾವು ಒಬ್ಬೊಬ್ಬರು ಒಂದೊಂದು ಕಡೆ. ಬೆಂಗಳೂರಿನಲ್ಲಿ ಹೋಟೆಲು, ಮುಂಬಯಿಯಲ್ಲಿ ಬ್ಯಾಂಕು, ಮಸ್ಕತ್ತಿನಲ್ಲಿ ಒಬ್ಬ, ತಂಗಿಯೊಬ್ಬಳು ಹಾಲಾಡಿಯಲ್ಲೇ. ಕೊಡಿಹಬ್ಬಕ್ಕೆ ಯಾರಾದರೂ ಒಬ್ಬರು ಊರಿನಲ್ಲಿದ್ದು ಫೋನು ಹಚ್ಚುತ್ತಾರೆ. ತೇರು ತೋರಿಸು ಎಂದು ಯಾರೂ ಕೇಳುವುದಿಲ್ಲ, ಎರಡನೇ ಮಾತಿಗೇ ಜಗಳ ಶುರು.

"ಹಾಲಾಡಿ ಬಸ್ಸಿನ ಕೆಳಗಿನ ಗೆರಿ ಕೆಂಪಲ್ಲ ಮರಾಯಾ, ಕಾವಿ."

"ಕಾವಿ ಅಲ್ಲ. ನಾನೇ ಡಬ್ಬ ಕಲ್ಸಿದ್ದ್."

"ನೀ ಕಲ್ಸಿದ್ದ್ ಪ್ರೈಮರ್."

"ಅಜ್ಜಿ ಕೆಂಪ್ ಗೆರಿ ಬಸ್ ಅಂತಲೇ ಹೇಳ್ತಿತ್ತಲ್ದಾ?"

"ಅಜ್ಜಿಗೆ ಕಾವಿಯೂ ಕೆಂಪೇ. ದೊಡ್ಡಮ್ಮನ ಹತ್ರ ಕೇಳ್, ಫೋನ್ ಕೊಡ್ ಅವ್ಳಿಗೆ."

ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದ. ಫೋನನ್ನು ತಲೆಕೆಳಗಾಗಿ ಹಿಡಿದು, ಎಲ್ಲರ ವಾದ ಮುಗಿಯುವವರೆಗೂ ಕಾದು, ಅವಳು ಪ್ರತಿ ವರ್ಷ ಒಂದೇ ಮಾತು ಕೇಳುತ್ತಾಳೆ.

"ಅದೆಲ್ಲ ಇರ್ಲಿ. ನನ್ ಕೊಪ್ಪರಿಗಿ ಮುಚ್ಳ ಯಾರ್ ಶೆಡ್ಡಿಗೆ ತಕಂಡ್ ಹೋದ್ದ್?"